ನಾಲ್ಕು ತಿಂಗಳಿಂದ ಜ್ವರ ಇಲ್ಲ, ಆದರೂ ಮಗನ ಸಿಆರ್‌ಪಿ ಇಳಿಯುತ್ತಿಲ್ಲ, ಏನು ಮಾಡಲಿ?

ಗಂಗಾವತಿ ತಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮಗನಿಗೆ ಒಂಬತ್ತು ವರ್ಷ. ನಾಲ್ಕನೇ ವಯಸ್ಸಿನಿಂದ ಅವನಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಜ್ವರ ಬರುತ್ತಿತ್ತು. ಜೊತೆಗೆ ಹೊಟ್ಟೆನೋವು. ಎಂಥ ನೋವೆಂದರೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿಬಿಡುತ್ತಿದ್ದ, ಹೊಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ದಿನಕ್ಕೆ ತಾನಾಗೇ ಹೋಗುತ್ತಿತ್ತು. ಮೂರನೇ ದಿನ ಏನೂ ಆಗೇ ಇಲ್ಲ ಅನ್ನುವ ಹಾಗೆ ಬ್ಯಾಟು ಹಿಡಿದು ಹೊರಗೆ ಓಡುತ್ತಿದ್ದ. ಟೈಫಾಯ್ಡ್ ಎಂದು ಐದು ಸಲ ಸಲೈನ್ ಹಚ್ಚಿಸಿದ್ದೇವೆ. ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿಯೇ ಬಿಟ್ಟರು. ಮುಂದಿನ ತಿಂಗಳು ಮತ್ತೆ ಅದೇ ನೋವು.

ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, 2024ರ ಆಗಸ್ಟ್, ಆ ವಾರವೇ ನಾವು ಬೆಂಗಳೂರಿಗೆ ಹೋದದ್ದು. ಊರವರೆಲ್ಲ ಈ ಸಲ ಗದ್ದೆಗೆ ನೀರು ಬರುತ್ತೋ ಇಲ್ಲವೋ ಎಂದು ಕೂತಿದ್ದರು, ನಾವು ಮಗನನ್ನು ಕರೆದುಕೊಂಡು ರೈಲು ಹತ್ತಿದೆವು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು ಎರಡೇ ಮಾತು. ಜ್ವರ ಎಷ್ಟು ತಾಸು ಇರುತ್ತದೆ, ನೀವು ಗಂಡ ಹೆಂಡತಿ ಮೊದಲೇ ಸಂಬಂಧಿಕರಾ. ನಮ್ಮ ಮನೆಯವರು ನನ್ನ ಸೋದರಮಾವನ ಮಗ. ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್, ಎಫ್‌ಎಂಎಫ್ ಎಂದು ಬಂತು, ವಂಶದಿಂದ ಬರುವ, ಮತ್ತೆ ಮತ್ತೆ ಜ್ವರ ತರುವ ಕಾಯಿಲೆಯಂತೆ. ಕಾಲ್ಚಿಸಿನ್ ಅರ್ಧ ಮಿಲಿಗ್ರಾಂ ಮಾತ್ರೆ, ಬೆಳಿಗ್ಗೆ ಒಂದು, ಸಂಜೆ ಒಂದು.

ದೇವರ ದಯೆ, ಜ್ವರ ಕಡಿಮೆ ಆಗುತ್ತಾ ಬಂತು. ಈಗ ನಾಲ್ಕು ತಿಂಗಳಿಂದ ಒಂದು ಸಲವೂ ಬಂದಿಲ್ಲ. ಆದರೆ ರಕ್ತ ಪರೀಕ್ಷೆಯಲ್ಲಿ ಒಳಗಿನ ಉರಿಯೂತ ತೋರಿಸುವ ಸಿಆರ್‌ಪಿ 31 ಬಂತು, ತಿಂಗಳು ಬಿಟ್ಟು ಮಾಡಿಸಿದರೆ 26. ಉರಿಯೂತದ್ದೇ ಇನ್ನೊಂದು ಪರೀಕ್ಷೆ ಇಎಸ್‌ಆರ್ 48. ಹಿಮೋಗ್ಲೋಬಿನ್ 9.8, ಕಬ್ಬಿಣದ ಸಿರಪ್ ಮೂರು ತಿಂಗಳು ಕುಡಿಸಿದರೂ ಅಲ್ಲೇ ನಿಂತಿದೆ. ಹುಡುಗ ಎತ್ತರವೂ ಆಗುತ್ತಿಲ್ಲ, ಹೋದ ವರ್ಷದ ಶಾಲೆ ಚಡ್ಡಿ ಈಗಲೂ ಸರಿಯಾಗುತ್ತದೆ.

ಇಲ್ಲಿನ ಡಾಕ್ಟರು ಜ್ವರ ಇಲ್ಲವಲ್ಲ, ಸುಮ್ನೆ ಯಾಕೆ ಗಾಬರಿ ಎನ್ನುತ್ತಾರೆ. ನಮ್ಮ ಅತ್ತೆ, ಆರಾಮಿರುವ ಕೂಸಿಗೆ ದಿನಾ ಮಾತ್ರೆ ಯಾಕೆ, ನಿಲ್ಲಿಸು ಎನ್ನುತ್ತಾರೆ. ಬೆಂಗಳೂರಿನವರು ಕೊಟ್ಟ ತಾರೀಖಿಗೆ ಇನ್ನೂ ಎರಡು ತಿಂಗಳಿದೆ. ಮಗ ನಿಜವಾಗಿ ಆರಾಮಿದ್ದಾನಾ, ಇಲ್ಲ ಒಳಗೆ ಏನಾದರೂ ನಡೆಯುತ್ತಿದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಳ್ಳಾರಿ ಲ್ಯಾಬ್ ಅಣ್ಣ:

ತಂಗಿ, ನಾನು ಡಾಕ್ಟರಲ್ಲ, ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿ ರಕ್ತ ನೋಡುವವನು. ಆ ಅಂಕಿಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಸಿಆರ್‌ಪಿ ತಯಾರಾಗುವುದು ಲಿವರ್‌ನಲ್ಲಿ. ದೇಹದಲ್ಲಿ ಎಲ್ಲಾದರೂ ಉರಿಯೂತ ಶುರುವಾದರೆ ಕೆಲವೇ ತಾಸಿನಲ್ಲಿ ಏರುತ್ತದೆ. ಉರಿಯೂತ ನಿಂತರೆ ಬೇಗ ಇಳಿಯುತ್ತದೆ, ಸುಮಾರು 19 ತಾಸಿಗೆ ಅರ್ಧ ಆಗುತ್ತದೆ. ಅಂದರೆ ಜ್ವರ ಹೋಗಿ ಎರಡು ವಾರ ಆದಮೇಲೆ ಹಳೆಯ ಜ್ವರದ ಸಿಆರ್‌ಪಿ ಉಳಿದಿರಲು ಸಾಧ್ಯವೇ ಇಲ್ಲ. ನಿಮ್ಮ ಮಗನಿಗೆ ಜ್ವರ ಬಂದು ನಾಲ್ಕು ತಿಂಗಳಾಗಿದೆ. ಹಾಗಿದ್ದೂ 26 ಇದೆ ಎಂದರೆ ಅದು ಈಗ, ಈ ವಾರ ತಯಾರಾಗುತ್ತಿರುವ ಸಿಆರ್‌ಪಿ. ಅದನ್ನು ಗಾಬರಿ ಎಂದು ತಳ್ಳಿಹಾಕಬೇಡಿ.

ಆದರೆ ಮೊದಲು ಎರಡು ವಿಷಯ ನೋಡಿಕೊಳ್ಳಿ. ಒಂದು, ರಿಪೋರ್ಟಿನಲ್ಲಿ ಅಂಕಿಯ ಪಕ್ಕ ಏನು ಬರೆದಿದೆ? ಕೆಲವು ಲ್ಯಾಬಿನವರು ಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತಾರೆ, ಕೆಲವರು ಡೆಸಿಲೀಟರಿಗೆ. ಇಲ್ಲಿ 26 ಅಂದರೆ ಅಲ್ಲಿ 2.6. ಒಬ್ಬರು ತಾಯಿ ಒಂದು ಲ್ಯಾಬಿನ 3ನ್ನೂ ಇನ್ನೊಂದು ಲ್ಯಾಬಿನ 30ನ್ನೂ ಹಿಡಿದುಕೊಂಡು ಅಳುತ್ತಾ ಬಂದಿದ್ದರು, ಎರಡೂ ಒಂದೇ ಆಗಿತ್ತು. ಅದಕ್ಕೇ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಎರಡು, ಪರೀಕ್ಷೆ ಮಾಡಿಸಿದ ದಿನ ನೆಗಡಿ, ಕಿವಿನೋವು, ಹಲ್ಲಿನ ಹುಳುಕು, ಕಾಲಿಗೆ ಗಾಯ ಏನಾದರೂ ಇತ್ತಾ? ಅದರಿಂದಲೂ ಏರುತ್ತದೆ. ಪೂರ್ತಿ ಆರಾಮಿದ್ದ ದಿನ ತೆಗೆದ ರಕ್ತವೇ ಲೆಕ್ಕಕ್ಕೆ ಬರುವುದು.

ಇಎಸ್‌ಆರ್ ಅನ್ನು ಅಷ್ಟು ನಂಬಬೇಡಿ, ರಕ್ತ ಕಡಿಮೆ ಇದ್ದರೆ ಸಾಕು, ಅದು ತಾನಾಗೇ ಏರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಸೀರಮ್ ಅಮೈಲಾಯ್ಡ್ ಎ, ಎಸ್‌ಎಎ ಎನ್ನುತ್ತಾರೆ. ಅದು ಲೀಟರಿಗೆ 10 ಮಿಲಿಗ್ರಾಂಗಿಂತ ಕೆಳಗೆ ಇರಬೇಕು. ಎಲ್ಲ ಲ್ಯಾಬಿನಲ್ಲಿ ಆಗುವುದಿಲ್ಲ. ಆಗದಿದ್ದರೆ ಸಿಆರ್‌ಪಿಯೇ ಸಾಕು, ತಪ್ಪದೆ ಮಾಡಿಸುತ್ತಿದ್ದರೆ. ಜೊತೆಗೆ ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಹಿಡಿದು ಕೊಡಿ. ಅದು ಅಗ್ಗದ ಪರೀಕ್ಷೆ, ಆದರೆ ಈ ಕಾಯಿಲೆಯಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಸಿಂಧನೂರು ಗದ್ದೆ:

ಅಕ್ಕಾ, ನನಗೆ ಈಗ ಮೂವತ್ತೆರಡು. ನಿಮ್ಮ ಮಗನಿಗೆ ಇರುವುದೇ ನನಗೂ ಇದೆ. ನನ್ನದು ಹೊಟ್ಟೆಗಿಂತ ಎದೆನೋವು ಜಾಸ್ತಿ, ಉಸಿರು ಎಳೆದರೆ ಚೂರಿ ಹಾಕಿದ ಹಾಗೆ, ಆಮೇಲೆ ಪಾದದ ಗಂಟಿನ ಮೇಲೆ ಕೆಂಪಗೆ ಊದಿಕೊಳ್ಳುತ್ತಿತ್ತು. ಇಪ್ಪತ್ತೆರಡಕ್ಕೆ ಕಾಯಿಲೆ ಗೊತ್ತಾಯಿತು. ಕಾಲ್ಚಿಸಿನ್ ತಗೊಂಡೆ, ನೋವು ನಿಂತಿತು. ಇಪ್ಪತ್ತೈದಕ್ಕೆ ಮಾತ್ರೆ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ನಾನೇ ಬಿಟ್ಟೆ. ಆರಾಮಿದ್ದೆನಲ್ಲ. ನಾಟಿ, ಕೊಯ್ಲು, ಟ್ರ್ಯಾಕ್ಟರು, ಎಲ್ಲ ಮಾಡುತ್ತಿದ್ದೆ. ವರ್ಷಕ್ಕೆ ಎರಡು ಸಲ ಸ್ವಲ್ಪ ಮೈ ಬೆಚ್ಚಗಾದರೆ ಅದು ಬಿಸಿಲಿಗೆ ಎಂದುಕೊಳ್ಳುತ್ತಿದ್ದೆ, ನಮ್ಮ ಕಡೆ ಏಪ್ರಿಲ್ ಮೇ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

ಮೂರು ವರ್ಷ ಹೀಗೆ ಹೋಯಿತು. ನಡುವೆ ಒಂದು ಸಲ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಿಆರ್‌ಪಿ 34 ಎಂದು ಬಂದಿತ್ತು. ಆ ಕಾಗದ ಇಂದಿಗೂ ನನ್ನ ಹತ್ತಿರ ಇದೆ. ಅದನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊದಿರುತ್ತಿತ್ತು, ಸಂಜೆಗೆ ಚಪ್ಪಲಿ ಪಾದಕ್ಕೆ ಬಿಗಿಯಾಗುತ್ತಿತ್ತು. ಮೂತ್ರದಲ್ಲಿ ನೊರೆ. ಪರೀಕ್ಷೆ ಮಾಡಿದರೆ ದಿನಕ್ಕೆ ನಾಲ್ಕು ಗ್ರಾಂ ಪ್ರೋಟೀನು ಹೊರಗೆ ಹೋಗುತ್ತಿದೆ ಎಂದರು. ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು ಕಾಂಗೋ ರೆಡ್ ಎಂಬ ಬಣ್ಣ ಹಾಕಿ ನೋಡಿದರು. ಅಮೈಲಾಯ್ಡ್.

ಲ್ಯಾಬ್ ಅಣ್ಣ ಹೇಳಿದರಲ್ಲ ಎಸ್‌ಎಎ, ಅದೇ ಪ್ರೋಟೀನು ವರ್ಷಗಟ್ಟಲೆ ರಕ್ತದಲ್ಲಿ ಜಾಸ್ತಿ ಇದ್ದರೆ ಅದರ ಚೂರುಗಳು ಕಿಡ್ನಿಯಲ್ಲಿ ಕೂತು ಗಟ್ಟಿಯಾಗುತ್ತವೆ. ನಮ್ಮ ಕಡೆಯವರಿಗೆ ಇದನ್ನು ಸವಳು ಎಂದರೆ ಬೇಗ ಅರ್ಥ ಆಗುತ್ತದೆ. ಕಾಲುವೆ ನೀರು ಬಂದ ಹೊಸದರಲ್ಲಿ ನಮ್ಮ ಅಜ್ಜನ ಕೆಳಗಿನ ಹೊಲದಲ್ಲಿ ಬತ್ತ ಭರ್ಜರಿಯಾಗಿ ಬರುತ್ತಿತ್ತಂತೆ. ಮೇಲೆ ನೋಡಿದರೆ ಹಸಿರೇ ಹಸಿರು. ನೆಲದೊಳಗಿನ ನೀರು ಮಾತ್ರ ವರ್ಷಕ್ಕಿಷ್ಟು ಮೇಲೇರುತ್ತಾ, ಉಪ್ಪನ್ನೂ ಎಳೆದುಕೊಂಡು ಬಂತು. ಮಣ್ಣಿನ ಮೇಲೆ ಬೆಳ್ಳಗೆ ಕಂಡಾಗ ಹೊಲ ಕೈಬಿಟ್ಟು ಹೋಗಿತ್ತು. ಬಸಿಗಾಲುವೆ ತೋಡಬೇಕಾದದ್ದು ಹಸಿರಿದ್ದಾಗ.

ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಈಗ ನನಗೆ 1.9. ಕಿಡ್ನಿಗೆ ತಕ್ಕ ಹಾಗೆ ಡಾಕ್ಟರು ಅಳತೆ ಮಾಡಿ ಕೊಟ್ಟ ಕಾಲ್ಚಿಸಿನ್ ಒಂದು ದಿನವೂ ತಪ್ಪಿಸುವುದಿಲ್ಲ. ಪ್ರೋಟೀನು ಹೋಗುವುದು ಅರ್ಧಕ್ಕೆ ಇಳಿದಿದೆ. ಅಕ್ಕಾ, ಆ 26 ಎಂಬ ಅಂಕಿ ನಿಮ್ಮ ಕಣ್ಣಿಗೆ ಬಿದ್ದಿದೆ, ಅದೂ ಹುಡುಗನಿಗೆ ಒಂಬತ್ತು ವರ್ಷ ಇರುವಾಗ. ನನಗೆ ಅದು ಸಿಕ್ಕಿರಲಿಲ್ಲ. ಮಾತ್ರೆ ಮಾತ್ರ ನಿಲ್ಲಿಸಬೇಡಿ, ಕೈಮುಗಿದು ಕೇಳುತ್ತೇನೆ.

ಸಂಡೂರು ಅಮ್ಮ:

ನನ್ನ ಮಗಳದ್ದು ಬೇರೆ ಕಾಯಿಲೆ, ಆದರೆ ಅದೇ ಜಾತಿ. ಕ್ಯಾಪ್ಸ್ ಎನ್ನುತ್ತಾರೆ, ಎನ್‌ಎಲ್‌ಆರ್‌ಪಿ3 ಎಂಬ ಜೀನಿನಲ್ಲಿ ತೊಂದರೆ. ತಣ್ಣನೆ ಗಾಳಿ ಬೀಸಿದರೆ ಮೈಮೇಲೆ ಗಂಧೆ ಎದ್ದ ಹಾಗೆ ಕೆಂಪು ಗುಳ್ಳೆ, ಕಣ್ಣು ಕೆಂಪು. ಅವಳಿಗೆ ಅದು ದಿನದ ಮಾತಾಗಿದ್ದರಿಂದ ನಾವೂ ರೂಢಿ ಮಾಡಿಕೊಂಡಿದ್ದೆವು. ಅವಳೂ ನೋವು ಎಂದು ಹೇಳುತ್ತಿರಲಿಲ್ಲ, ಎಲ್ಲರಿಗೂ ಹೀಗೇ ಇರುತ್ತದೆ ಎಂದುಕೊಂಡಿದ್ದಳು. ಒಳಗಿನ ಉರಿಯೂತ ನಿಧಾನಕ್ಕೆ ಕಿವಿಯನ್ನು ತಿನ್ನುತ್ತಿತ್ತು. ಕರೆದರೆ ತಿರುಗುವುದಿಲ್ಲ ಎಂದು ಟೀಚರ್ ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಶುರು ಮಾಡಿದ ವಾರದಲ್ಲೇ ಗುಳ್ಳೆ ಹೋಯಿತು, ಸಿಆರ್‌ಪಿ ಇಳಿಯಿತು. ಅದು ತುಂಬಾ ದುಬಾರಿ, ತರಿಸುವುದಕ್ಕೆ ನಾವು ಪಟ್ಟ ಪಾಡು ಬೇರೆಯೇ ಕತೆ. ಹೋದ ಶ್ರವಣಶಕ್ತಿ ಪೂರ್ತಿ ವಾಪಸ್ ಬರಲಿಲ್ಲ.

ನೀವು ಒಂದು ಕೆಲಸ ಮಾಡಿ. ಮಗನನ್ನು ಆರಾಮಿದ್ದೀಯಾ ಎಂದು ಕೇಳಬೇಡಿ, ಹೂಂ ಎಂದೇ ಎನ್ನುತ್ತಾನೆ. ಶಾಲೆಯಿಂದ ಬಂದವನು ನೇರ ಮಲಗುತ್ತಾನಾ, ಆಟದ ನಡುವೆ ಕೂರುತ್ತಾನಾ, ಊಟ ಅರ್ಧಕ್ಕೆ ಬಿಡುತ್ತಾನಾ, ಅದನ್ನು ನೋಡಿ ಬರೆದಿಡಿ. ನಾನು ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದೆ, ಹಬ್ಬದ ಪಕ್ಕದ ಖಾಲಿ ಜಾಗದಲ್ಲಿ. ಡಾಕ್ಟರಿಗೆ ನನ್ನ ಮಾತಿಗಿಂತ ಆ ಕ್ಯಾಲೆಂಡರ್ ಜಾಸ್ತಿ ಉಪಯೋಗಕ್ಕೆ ಬಂತು.

ಕುಷ್ಟಗಿ ಕಾಕಾ:

ತಂಗಿ, ನಾನು ಹಳೆಯ ಕಾಲದವನು. ಚಿಕ್ಕ ಕೂಸಿಗೆ ಜೀವಮಾನವಿಡೀ ಇಂಗ್ಲಿಷ್ ಮಾತ್ರೆ ಕೊಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಮ್ಮ ಕಡೆ ಕೀಲುನೋವಿಗೆ, ಊತಕ್ಕೆ ಅಗ್ನಿಶಿಖೆಯ ಗಡ್ಡೆ ತೇದು ಹಚ್ಚುವವರಿದ್ದಾರೆ. ತಿಳಿದವರನ್ನು ಕೇಳಿ ಅದನ್ನೇ ಸ್ವಲ್ಪ ಹೊಟ್ಟೆಗೆ ಕೊಟ್ಟರೆ ಆಗುವುದಿಲ್ಲವಾ? ತಪ್ಪಿದ್ದರೆ ತಿದ್ದಿ.

ರಾಯಚೂರು ಮಕ್ಕಳ ಡಾಕ್ಟರ್:

ಕಾಕಾ, ಕೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಯಾರಾದರೂ ಮಾಡಿಬಿಡುತ್ತಿದ್ದರು. ಅಗ್ನಿಶಿಖೆ ಗಡ್ಡೆಯನ್ನು ಯಾರೂ ಹೊಟ್ಟೆಗೆ ಕೊಡಬೇಡಿ. ಅದರಲ್ಲಿರುವುದೇ ಕಾಲ್ಚಿಸಿನ್. ಮಾತ್ರೆಯಲ್ಲಿ ಅದು ಅರ್ಧ ಮಿಲಿಗ್ರಾಂ ಎಂದು ಅಳೆದು ಇಟ್ಟಿರುತ್ತಾರೆ, ಗಡ್ಡೆಯಲ್ಲಿ ಎಷ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಚೂರು ಜಾಸ್ತಿಯಾದರೆ ವಾಂತಿ ಭೇದಿಯಿಂದ ಶುರುವಾಗಿ ಪ್ರಾಣ ಹೋಗುತ್ತದೆ. ಹಾಗಾಗಿ ಆ ಮಾತ್ರೆ ನಮ್ಮ ಗಿಡಕ್ಕೆ ದೂರದ್ದೇನಲ್ಲ. ಎಫ್‌ಎಂಎಫ್‌ಗೆ ಇದು ಕೆಲಸ ಮಾಡುತ್ತದೆ ಎಂದು ತಿಳಿದದ್ದು 1972ರಲ್ಲಿ. ಅದಕ್ಕೆ ಮುಂಚೆ ಈ ಕಾಯಿಲೆಯ ಎಷ್ಟೋ ಜನ ಸಿಂಧನೂರಿನ ತಮ್ಮ ಹೇಳಿದ ಅಮೈಲಾಯ್ಡ್‌ನಿಂದ ಕಿಡ್ನಿ ಹೋಗಿ ತೀರಿಕೊಳ್ಳುತ್ತಿದ್ದರು. ಕಾರಣವಾದ ಎಂಇಎಫ್‌ವಿ ಜೀನ್ ಸಿಕ್ಕಿದ್ದು 1997ರಲ್ಲಿ.

ಈಗ ಗಂಗಾವತಿ ತಾಯಿಯವರಿಗೆ. ನಿಮ್ಮ ಅನುಮಾನ ಸರಿ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ಸಿಆರ್‌ಪಿ, ಹಿಮೋಗ್ಲೋಬಿನ್, ಎತ್ತರ. ಒಳಗೆ ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಅದು ಕಬ್ಬಿಣವನ್ನು ಕಣಜದಲ್ಲಿ ಹಾಕಿ ಬೀಗ ಜಡಿದ ಹಾಗೆ. ಸಿರಪ್ ಎಷ್ಟು ಕುಡಿಸಿದರೂ ರಕ್ತಕ್ಕೆ ಸೇರುವುದಿಲ್ಲ. ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ನೋಡಿದರೆ ಕಡಿಮೆ ಇರುವುದಿಲ್ಲ, ಅದನ್ನು ನೋಡಿ ಕಬ್ಬಿಣ ಸಾಕಷ್ಟಿದೆ ಎಂದು ಕೆಲವರು ಮೋಸ ಹೋಗುತ್ತಾರೆ. ಬೆಳವಣಿಗೆಯೂ ಹಾಗೇ ನಿಲ್ಲುತ್ತದೆ. ಉರಿಯೂತ ಇಳಿದರೆ ಎರಡೂ ಹೆಚ್ಚಾಗಿ ದಾರಿಗೆ ಬರುತ್ತವೆ.

ಈ ಕಾಯಿಲೆಯಲ್ಲಿ ಚಿಕಿತ್ಸೆಯ ಗುರಿ ಎರಡು. ಜ್ವರ ಬಾರದಿರುವುದು ಒಂದು, ಜ್ವರ ಇಲ್ಲದ ದಿನಗಳಲ್ಲಿ ಸಿಆರ್‌ಪಿ ಮತ್ತು ಎಸ್‌ಎಎ ಮಾಮೂಲಿಗೆ ಬರುವುದು ಇನ್ನೊಂದು. ನಿಮ್ಮ ಮಗನಿಗೆ ಮೊದಲನೆಯದು ಸಿಕ್ಕಿದೆ, ಎರಡನೆಯದು ಸಿಕ್ಕಿಲ್ಲ.

ನಾನಾದರೆ ಮೊದಲು ಕೇಳುವುದು ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯಾ ಎಂದು. ತಪ್ಪು ಹುಡುಕುವುದಕ್ಕಲ್ಲ. ಕಹಿ ಮಾತ್ರೆ, ಶಾಲೆಗೆ ಹೊತ್ತಾಗಿರುತ್ತದೆ, ಭೇದಿ ಆಗುತ್ತದೆ, ಎಲ್ಲ ಮನೆಯಲ್ಲೂ ತಪ್ಪುತ್ತದೆ. ಖಾಲಿ ಸ್ಟ್ರಿಪ್ ಎಣಿಸಿ ನೋಡಿ. ಸರಿಯಾಗಿ ಹೋಗುತ್ತಿದ್ದರೆ ಹಲ್ಲು, ಕಿವಿ, ಮೂತ್ರದ ಸೋಂಕು, ಕೀಲುಬಾವು ಇದೆಯಾ ಎಂದು ನೋಡಬೇಕು. ಅದೂ ಇಲ್ಲದಿದ್ದರೆ ಪ್ರಮಾಣ ಏರಿಸುವ ಮಾತು. ಐದರಿಂದ ಹತ್ತು ವರ್ಷದ ಮಕ್ಕಳಿಗೆ ಶುರುವಿನಲ್ಲಿ ದಿನಕ್ಕೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಡುತ್ತಾರೆ, ಬೇಕಾದರೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ, ಮಕ್ಕಳಿಗೆ ಎರಡು ಮಿಲಿಗ್ರಾಂ ದಾಟಿಸುವುದಿಲ್ಲ. ಇದು ನಿಮ್ಮ ರುಮಟಾಲಜಿ ಡಾಕ್ಟರು ಲಿವರ್, ಕಿಡ್ನಿ ನೋಡಿ ಮಾಡುವ ತೀರ್ಮಾನ. ನೀವಾಗಿ ಅರ್ಧ ಮಾತ್ರೆಯನ್ನೂ ಏರಿಸಬೇಡಿ. ತಪ್ಪಿದ ಡೋಸಿಗೆ ಮರುದಿನ ಎರಡು ಕೊಡಬೇಡಿ. ಪೂರ್ತಿ ಪ್ರಮಾಣಕ್ಕೂ ಬಗ್ಗದಿದ್ದರೆ ಸಂಡೂರಿನ ತಾಯಿ ಹೇಳಿದ ಇಂಟರ್‌ಲ್ಯೂಕಿನ್-1 ಇಂಜೆಕ್ಷನ್ ಇದೆ. ಅಲ್ಲಿಗೆ ಹೋಗುವವರು ಕಡಿಮೆ.

ಇನ್ನೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೆಮ್ಮು, ಗಂಟಲು ಎಂದು ಯಾವ ಕ್ಲಿನಿಕ್ಕಿಗೆ ಹೋದರೂ ಮಗ ಕಾಲ್ಚಿಸಿನ್ ಮೇಲಿದ್ದಾನೆ ಎಂದು ಮೊದಲು ಹೇಳಿ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಕಾಲ್ಚಿಸಿನ್ ದೇಹದಿಂದ ಹೊರಗೆ ಹೋಗದೆ ವಿಷ ಆಗುತ್ತದೆ. ಕೆಲವು ಫಂಗಸ್ ಮಾತ್ರೆಗಳೂ ಹಾಗೇ. ಮತ್ತು ಮಾತ್ರೆ ಡಬ್ಬಿ ತಂಗಿ ತಮ್ಮಂದಿರ ಕೈಗೆ ಸಿಗದ ಹಾಗೆ ಇಡಿ.

ಎರಡು ತಿಂಗಳು ಕಾಯುವುದು ಬೇಡ. ರಿಪೋರ್ಟುಗಳನ್ನು ಬೆಂಗಳೂರಿಗೆ ಈಗಲೇ ಕಳಿಸಿ, ಫೋನ್ ಮಾಡಿ.

ಗಂಗಾವತಿ ತಾಯಿ:

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಆರು ವಾರ ಆಯಿತು.

ಡಾಕ್ಟ್ರೇ, ನೀವು ಹೇಳಿದ ರಾತ್ರಿಯೇ ಸ್ಟ್ರಿಪ್ ಎಣಿಸಿದೆ. ತಿಂಗಳಿಗೆ ಅರವತ್ತು ಹೋಗಬೇಕು, ಮೂವತ್ತಕ್ಕೆ ಸ್ವಲ್ಪ ಮೇಲೆ ಹೋಗಿತ್ತು. ನಾನು ಅಂಗನವಾಡಿ ಕೆಲಸ ಮುಗಿಸಿ ಬರುವುದು ತಡ, ಸಂಜೆ ಮಾತ್ರೆ ಕೊಡುವುದು ಅತ್ತೆ. ಕೇಳಿದೆ. ಅತ್ತೆ ಮೊದಲು ಸುಮ್ಮನಿದ್ದರು, ಆಮೇಲೆ ಅತ್ತುಬಿಟ್ಟರು. ಸಂಜೆ ಮಾತ್ರೆ ನುಂಗಿದರೆ ರಾತ್ರಿ ಮೂರು ನಾಲ್ಕು ಸಲ ಹೊರಗೆ ಹೋಗುತ್ತಿದ್ದನಂತೆ, ಕೂಸು ಸೊರಗುತ್ತಿದೆ ಎಂದು ಕೊಡುವುದನ್ನೇ ನಿಲ್ಲಿಸಿದ್ದರು. ನನಗೆ ಸಿಟ್ಟು ಬರಲಿಲ್ಲ. ಐದು ವರ್ಷ ನೋವು ಬಂದಾಗಲೆಲ್ಲ ಅವನು ಮಲಗಿದ್ದು ಅವರ ತೊಡೆಯ ಮೇಲೆಯೇ. ಸಿಂಧನೂರಿನ ತಮ್ಮ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಸವಳಿನ ಮಾತು ಬಂದಾಗ ಓದುವುದು ನಿಲ್ಲಿಸು, ತಿಳಿಯಿತು ಎಂದರು.

ಬೆಂಗಳೂರಿನವರು ಫೋನಿನಲ್ಲಿ ಪ್ರಮಾಣ ಏರಿಸುವುದು ಬೇಡ, ಮೊದಲು ಬರೆದದ್ದನ್ನು ಪೂರ್ತಿ ಕೊಡಿ ಎಂದರು. ಕಾಲ್ಚಿಸಿನ್‌ನಿಂದ ಕೆಲವರಿಗೆ ಹಾಲು ಅರಗುವುದಿಲ್ಲವಂತೆ. ಅತ್ತೆ ಪ್ರೀತಿಯಿಂದ ರಾತ್ರಿ ಒಂದು ದೊಡ್ಡ ಲೋಟ ಎಮ್ಮೆ ಹಾಲು ಕೊಡುತ್ತಿದ್ದರು, ಅದನ್ನು ಬಿಡಿಸಿದೆವು. ಒಂದು ವಾರದಲ್ಲಿ ಭೇದಿ ನಿಂತಿತು. ಈಗ ಸಂಜೆ ಮಾತ್ರೆಯನ್ನು ಅತ್ತೆಯೇ ನೆನಪಿಟ್ಟು ಕೊಡುತ್ತಾರೆ, ಕೊಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಕುಂಕುಮದ ಚುಕ್ಕೆ ಇಡುತ್ತಾರೆ.

ಅದೇ ಲ್ಯಾಬಿನಲ್ಲಿ ಮೊನ್ನೆ ಸಿಆರ್‌ಪಿ 7. ಬೆಳಗಿನ ಮೂತ್ರದಲ್ಲಿ ಪ್ರೋಟೀನು ಇಲ್ಲ. ಹಿಮೋಗ್ಲೋಬಿನ್ 10.6.

ಇನ್ನೊಂದು ಕೇಳಬೇಕು. ಅವನ ತಂಗಿಗೆ ಐದು ವರ್ಷ. ಒಂದು ದಿನವೂ ಇಂಥ ಜ್ವರ ಬಂದಿಲ್ಲ. ಅವಳಿಗೂ ಪರೀಕ್ಷೆ ಬೇಕಾ?

ರಾಯಚೂರು ಮಕ್ಕಳ ಡಾಕ್ಟರ್:

ತುಂಬಾ ಸಂತೋಷ ಆಯಿತು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ತಂಗಿಗೆ ಬೇಕು. ತಂದೆ ತಾಯಿ ಇಬ್ಬರಲ್ಲೂ ಈ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದಾಗ ಪ್ರತಿ ಮಗುವಿಗೂ ಕಾಯಿಲೆ ಬರುವುದಕ್ಕೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಣ್ಣನಿಗೆ ಬಂದಾಯಿತು, ಅವಳಿಗೆ ಬರುವುದಿಲ್ಲ ಎಂಬ ಲೆಕ್ಕ ಇಲ್ಲ. ಅಪರೂಪಕ್ಕೆ ಕೆಲವರಿಗೆ ಒಂದು ಸಲವೂ ಜ್ವರ, ನೋವು ಬರದೆ ನೇರವಾಗಿ ಕಿಡ್ನಿಯಲ್ಲೇ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಅವಳು ಆರಾಮಿದ್ದಾಳೆ ಎಂಬುದೊಂದೇ ನನಗೆ ಸಾಲುವುದಿಲ್ಲ. ಈ ವಾರ ಒಂದು ಸಿಆರ್‌ಪಿ, ಒಂದು ಬೆಳಗಿನ ಮೂತ್ರ ಮಾಡಿಸಿ. ಅಣ್ಣನ ಜೀನ್ ರಿಪೋರ್ಟ್ ಕೈಯಲ್ಲಿದೆಯಲ್ಲ, ಅವನಲ್ಲಿ ಸಿಕ್ಕ ಎರಡು ಬದಲಾವಣೆಗಳನ್ನು ಮಾತ್ರ ಅವಳಲ್ಲಿ ಹುಡುಕಿದರೆ ಸಾಕು, ಖರ್ಚೂ ಕಡಿಮೆ. ಮಗನ ಮುಂದಿನ ತಾರೀಖಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ.